ಬೀಗ ಹಾಕಿರದ ಬಾಗಿಲು: ‘ದ ಡೇ ಆಫ್ ದ ಡಾಕ್ಟರ್’ ಮತ್ತೆ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆ ಪೂರ್ತಿ ಬಯಲಾಗುತ್ತದೆ. ಬಂದು ಹತ್ತು ವರ್ಷ ದಾಟಿದ ಸ್ಪೆಷಲ್ ಇದು. ಇನ್ನೂ ನೋಡದವರು ನೋಡಿಕೊಂಡು ಬಂದು ಓದಿ, ನಾನೇನೂ ಓಡಿಹೋಗುವುದಿಲ್ಲ.

‘ಡಾಕ್ಟರ್ ಹೂ’ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಶುರುವಾದ ಧಾರಾವಾಹಿ. ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಒಬ್ಬ ಟೈಮ್ ಲಾರ್ಡ್, ಊರು ಗ್ಯಾಲಿಫ್ರೆ ಎಂಬ ಗ್ರಹ. ಹೊರಗೆ ನೀಲಿ ಪೊಲೀಸ್ ಪೆಟ್ಟಿಗೆ, ಒಳಗೆ ಕಾಲಿಟ್ಟರೆ ಅರಮನೆ, ಅಂಥ ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲದ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾನೆ. ಸಾಯುವ ಹೊತ್ತಿಗೆ ಮೈಯೆಲ್ಲ ಬದಲಾಗಿ ಹೊಸ ಮುಖ ಬರುತ್ತದೆ. ನಟ ಬಿಟ್ಟುಹೋದರೂ ಧಾರಾವಾಹಿ ನಿಲ್ಲಬಾರದು, ಅದಕ್ಕೆ ಹುಡುಕಿಕೊಂಡ ಉಪಾಯ. ಉಪಾಯ ಎಷ್ಟು ಚೆನ್ನಾಗಿ ಕೂತಿತೆಂದರೆ, ನಡುವೆ ವರ್ಷಗಟ್ಟಲೆ ನಿಂತು 2005ರಲ್ಲಿ ಮತ್ತೆ ಶುರುವಾದರೂ, ಧಾರಾವಾಹಿ ಐವತ್ತು ವರ್ಷ ಮುಟ್ಟಿತು.

ಆ ಐವತ್ತರ ಹಬ್ಬಕ್ಕೆ ಮಾಡಿದ್ದೇ ಈ ಸ್ಪೆಷಲ್. ಬರೆದವರು ಸ್ಟೀವನ್ ಮಾಫಟ್, ನಿರ್ದೇಶನ ನಿಕ್ ಹರ್ರನ್, ಅವಧಿ 77 ನಿಮಿಷ. 2013ರ ನವೆಂಬರ್ 23ರಂದು 94 ದೇಶಗಳಲ್ಲಿ ಒಟ್ಟಿಗೇ ಪ್ರಸಾರ ಮಾಡಿ ಗಿನ್ನೆಸ್ ದಾಖಲೆ ಬರೆದರು. ಬ್ರಿಟನ್ನಿನಲ್ಲಿ ಸಂಜೆ 7.50. ನಮ್ಮ ಗಡಿಯಾರದಲ್ಲಿ ಆಗ ಭಾನುವಾರ ನಸುಕಿನ 1.20. ನಾನಂತೂ ಅವತ್ತು ಮಲಗಿದ್ದೆ. ನೋಡಿದ್ದು ಆಮೇಲೆ.

ಮೊನ್ನೆ ಅಕ್ಕನ ಮಗ ರಜೆಗೆ ಬಂದಿದ್ದ. ಎಂಜಿನಿಯರಿಂಗ್ ಮೂರನೇ ವರ್ಷ, ಯಾವ ಸಿನಿಮಾ ನೋಡಿದರೂ ‘ಇದು ಹೇಗೆ ಸಾಧ್ಯ’ ಎನ್ನುವ ಜಾತಿ. ಅವನ ಜೊತೆ ಮತ್ತೊಮ್ಮೆ ನೋಡಿದೆ. 77 ನಿಮಿಷದ ಕಾರ್ಯಕ್ರಮಕ್ಕೆ ಮೂರು ಗಂಟೆ ಹಿಡಿಯಿತು, ಅಷ್ಟು ಸಲ ನಿಲ್ಲಿಸಿದ.

ಕಥೆ ಹೀಗೆ. ಟೈಮ್ ಲಾರ್ಡ್‌ಗಳಿಗೂ, ಲೋಹದ ಕವಚದೊಳಗೆ ಕೂತ ಅವರ ಹಳೇ ವೈರಿಗಳಾದ ಡಾಲೆಕ್‌ಗಳಿಗೂ ಮಹಾಯುದ್ಧ, ಅದರ ಕೊನೆಯ ದಿನ. ಎರಡೂ ಕಡೆಯವರನ್ನು ಸುಟ್ಟು ಯುದ್ಧ ನಿಲ್ಲಿಸಬೇಕೆಂದು ಒಬ್ಬ ಮುದುಕ ಡಾಕ್ಟರ್ (ಜಾನ್ ಹರ್ಟ್) ‘ಮೊಮೆಂಟ್’ ಎಂಬ ಆಯುಧ ಕದ್ದು ಒಂದು ಹಳೇ ಕೊಟ್ಟಿಗೆಗೆ ತರುತ್ತಾನೆ. ಆ ಆಯುಧಕ್ಕೆ ಮನಸ್ಸಾಕ್ಷಿ ಇದೆ! ಬಿಲ್ಲಿ ಪೈಪರ್ ರೂಪದಲ್ಲಿ ಎದುರು ಕೂತು, ಗುಂಡಿ ಒತ್ತಿದ ಮೇಲೆ ನೀನು ಏನಾಗುತ್ತೀಯ ನೋಡು ಎಂದು ಅವನನ್ನು ಅವನದೇ ಮುಂದಿನ ಅವತಾರಗಳಲ್ಲಿ ಎರಡರ ಹತ್ತಿರ ಕಳಿಸುತ್ತದೆ. ಒಬ್ಬ ಡೇವಿಡ್ ಟೆನಂಟ್, ಇನ್ನೊಬ್ಬ ಮ್ಯಾಟ್ ಸ್ಮಿತ್. ನಡುವೆ 1562ರ ಇಂಗ್ಲೆಂಡ್, ಮೊದಲನೇ ಎಲಿಜಬೆತ್ ರಾಣಿ, ಯಾರ ರೂಪ ಬೇಕಾದರೂ ತಾಳುವ ಜೈಗಾನ್‌ಗಳು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಒಂದು ವಿಚಿತ್ರ ಚಿತ್ರಪಟ. ಕೊನೆಗೆ ಎಲ್ಲ ಡಾಕ್ಟರ್‌ಗಳೂ ಸೇರಿ ಗ್ಯಾಲಿಫ್ರೆಯನ್ನು ಸುಡುವ ಬದಲು ಕಾಲದ ಒಂದು ಕ್ಷಣದಲ್ಲಿ ಹೆಪ್ಪುಗಟ್ಟಿಸಿ ಬಚ್ಚಿಡುತ್ತಾರೆ.

ಇನ್ನು ಕಥೆಯಲ್ಲಿರುವ ತೂತುಗಳ ವಿಷಯ. ಅಭಿಮಾನಿಗಳು ವರ್ಷಗಟ್ಟಲೆ ಜಗಳವಾಡಿದ ತೂತುಗಳು ಇವು. ನಮ್ಮ ಹುಡುಗ ಒಂದು ರಾತ್ರಿಯಲ್ಲಿ ಎಲ್ಲವನ್ನೂ ತಾನೇ ಕಂಡುಹಿಡಿದ.

ಮೊದಲು ಸ್ಕ್ರೂಡ್ರೈವರ್. ಮೂವರು ಡಾಕ್ಟರ್‌ಗಳು ಟವರ್ ಆಫ್ ಲಂಡನ್ನಿನ ಸೆರೆಮನೆಯಲ್ಲಿದ್ದಾರೆ, ಎದುರಿಗೆ ಮರದ ಬಾಗಿಲು. ಬೀಗ ತೆರೆಯುವುದರಿಂದ ಹಿಡಿದು ಎಲ್ಲಕ್ಕೂ ಡಾಕ್ಟರ್ ಬಳಸುವ ಸಾನಿಕ್ ಸ್ಕ್ರೂಡ್ರೈವರ್ ಎಂಬ ಸಾಧನ ಮರದ ಮೇಲೆ ಕೆಲಸ ಮಾಡುವುದಿಲ್ಲ, ಅದನ್ನು ಅಣು ಅಣುವಾಗಿ ಒಡೆಯುವ ಲೆಕ್ಕ ಮುಗಿಯಲು ನೂರಾರು ವರ್ಷ ಬೇಕು. ಸರಿ, ಮುದುಕನ ಸ್ಕ್ರೂಡ್ರೈವರಿನಲ್ಲಿ ಲೆಕ್ಕ ಶುರು ಮಾಡಿದರೆ, 400 ವರ್ಷ ಆಚೆಗಿನ ಸ್ಮಿತ್ ಕೈಯಲ್ಲಿರುವುದರಲ್ಲಿ ಅದು ಆಗಲೇ ಮುಗಿದಿರುತ್ತದೆ! ಹುಡುಗ ಇಲ್ಲಿ ನಿಲ್ಲಿಸಿದ. “ಮಾವ, ಟೆನಂಟ್ ಸ್ಕ್ರೂಡ್ರೈವರ್ 2007ರಲ್ಲೇ ಸುಟ್ಟುಹೋಯ್ತಲ್ಲ? 2010ರಲ್ಲಿ ಸ್ಮಿತ್‌ದೂ ಸುಟ್ಟು ಟಾರ್ಡಿಸ್ ಹೊಸದು ಕೊಡ್ತು. ಲೆಕ್ಕ ಎಲ್ಲಿ ಉಳೀತು?” ಮಾತು ನಿಜ, ಎರಡೂ ಆದದ್ದೇ. ಆದರೆ ಸಂಭಾಷಣೆಯಲ್ಲೇ ಉತ್ತರ ಇದೆ: ಕವಚ ಬೇರೆ, ಒಳಗಿನ ಸಾಫ್ಟ್‌ವೇರ್ ಒಂದೇ. ಹಳೇ ಫೋನ್ ಒಡೆದರೂ ಹೊಸ ಫೋನಿಗೆ ಫೋಟೋ ಬರುವುದಿಲ್ಲವೇ, ಟಾರ್ಡಿಸ್‌ನಲ್ಲಿ ಬ್ಯಾಕಪ್ ಇತ್ತು ಅಂದುಕೊ ಎಂದೆ. ಗೊಣಗುತ್ತಲೇ ಒಪ್ಪಿದ.

ಇಷ್ಟೆಲ್ಲ ಸಾಹಸ ಮುಗಿದು ಬಾಗಿಲಿಗೆ ಗುರಿ ಹಿಡಿಯುವಷ್ಟರಲ್ಲಿ ಸ್ಮಿತ್ ಡಾಕ್ಟರ್‌ನ ಜೊತೆಗಾತಿ ಕ್ಲಾರಾ ಹೊರಗಿನಿಂದ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾಳೆ. ಬೀಗವೇ ಹಾಕಿರಲಿಲ್ಲ. ಮೂರು ಮಹಾ ಮೇಧಾವಿಗಳಲ್ಲಿ ಒಬ್ಬನೂ ತಳ್ಳಿ ನೋಡಿರಲಿಲ್ಲ. ನಾನು ಇಲ್ಲಿ ಪ್ರತಿ ಸಲವೂ ನಗುತ್ತೇನೆ.

ನಗುವಿನ ಜೊತೆ ಇನ್ನೊಂದು ಕೆಲಸ ಆಗಿಹೋಗಿದೆ, ಅದು ನನಗೆ ಹೊಳೆದದ್ದು ಮೂರನೇ ಸಲ ನೋಡಿದಾಗ. ಕೊನೆಯಲ್ಲಿ ಇಡೀ ಗ್ರಹವನ್ನು ಹೆಪ್ಪುಗಟ್ಟಿಸುವ ಲೆಕ್ಕಕ್ಕೂ ನೂರಾರು ವರ್ಷ ಬೇಕು, ಅದನ್ನು ಮೊದಲನೇ ಡಾಕ್ಟರ್ ಶುರು ಮಾಡುತ್ತಾನೆ. ಹಾಗಾದರೆ ಆ ಹಿಂದಿನವರಿಗೆಲ್ಲ ಗ್ಯಾಲಿಫ್ರೆ ಉಳಿಯಿತು ಎಂದು ಯಾಕೆ ಗೊತ್ತಿರಲಿಲ್ಲ, ತಾವೇ ಅದನ್ನು ಸುಟ್ಟೆವೆಂದು ಅಷ್ಟು ವರ್ಷ ಯಾಕೆ ಅತ್ತರು? ಇದು ಎಲ್ಲರೂ ಹಿಡಿದು ಜಗ್ಗುವ ತೂತು. ಉತ್ತರ ಆಗಲೇ ಬಾಗಿಲಿನ ಹತ್ತಿರ ಸಿಕ್ಕಿದೆ. ಲೆಕ್ಕ ಯಂತ್ರದ ಹೊಟ್ಟೆಯಲ್ಲಿ ಓಡುತ್ತಿರುತ್ತದೆ, ಡಾಕ್ಟರ್‌ಗೆ ನೆನಪಿರಬೇಕಾಗಿಲ್ಲ. ಕಾಲದ ಎಳೆಗಳು ಅಡ್ಡಾದಿಡ್ಡಿ ಸೇರಿದ್ದರಿಂದ ಸ್ಮಿತ್ ಒಬ್ಬನಿಗೆ ಮಾತ್ರ ನೆನಪು ಉಳಿಯುತ್ತದೆ, ಹಿಂದಿನವರು ಮರೆಯುತ್ತಾರೆ. ಹೀಗಾಗಿ 2005ರಿಂದ ಅಷ್ಟು ವರ್ಷ ನಾವು ನೋಡಿದ ಪಶ್ಚಾತ್ತಾಪವೂ ಸುಳ್ಳಾಗುವುದಿಲ್ಲ. ನನ್ನ ಮಟ್ಟಿಗೆ ಈ ತೂತು ಮುಚ್ಚಿದೆ.

ಡಾಲೆಕ್ ನೌಕೆಗಳದ್ದು ಅಷ್ಟು ಸುಲಭ ಅಲ್ಲ. ಗ್ರಹದ ಸುತ್ತ ಲೆಕ್ಕವಿಲ್ಲದಷ್ಟು ನೌಕೆಗಳು ನಿಂತು ಒಳಮುಖವಾಗಿ ಗುಂಡು ಹಾರಿಸುತ್ತಿವೆ. ಗ್ರಹ ಫಕ್ಕನೆ ಮಾಯವಾದರೆ ಅವು ಒಂದಕ್ಕೊಂದು ಹೊಡೆದುಕೊಂಡು ಸಾಯುತ್ತವೆ. ಕಬಡ್ಡಿಯಲ್ಲಿ ರೈಡರ್ ನುಣುಚಿಕೊಂಡರೆ ಹಿಡಿಯಲು ಹಾರಿದವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಹಾಗೆ. ನೋಡಲು ಸೊಗಸು. ಆದರೆ ಒಂದೂ ತಪ್ಪಿಸಿಕೊಳ್ಳಲಿಲ್ಲವೇ? ಎದುರಿನ ನೌಕೆ ಒಂದು ಗ್ರಹದಷ್ಟು ದೂರ ಇದೆ, ಗುಂಡು ಸರಿಯಾಗಿ ಅದಕ್ಕೇ ತಾಗಬೇಕೆ? ಕೆಲವು ಡಾಲೆಕ್‌ಗಳು ಉಳಿದವು ಅನ್ನುವುದಕ್ಕೆ ಧಾರಾವಾಹಿಯೇ ಸಾಕ್ಷಿ, 2005ರಿಂದ ಪದೇ ಪದೇ ಬಂದು ವಕ್ಕರಿಸಿವೆ. ಅದರಿಂದ ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು. ಹುಡುಗ ಕೇಳಿದ್ದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ: “ಗ್ಯಾಲಿಫ್ರೆಯ ಅರ್ಕೇಡಿಯಾ ನಗರದೊಳಗೆ ಆಗಲೇ ನುಗ್ಗಿದ್ದ ಡಾಲೆಕ್‌ಗಳ ಕಥೆ ಏನು ಮಾವ? ಅವೂ ಜೊತೆಗೇ ಹೆಪ್ಪುಗಟ್ಟಿದವಾ?” ಮಕ್ಕಳನ್ನು ಉಳಿಸಲು ಗ್ರಹವನ್ನು ಬಚ್ಚಿಟ್ಟು, ಅದೇ ಪೆಟ್ಟಿಗೆಯಲ್ಲಿ ಹಾವನ್ನೂ ಇಟ್ಟು ಮುಚ್ಚಿದ ಹಾಗಾಯಿತು.

ಡಾಕ್ಟರ್‌ಗಳ ಎಣಿಕೆಯದ್ದು ಮಜವಾದ ಪ್ರಕರಣ. ಒಂಬತ್ತನೆಯವನಾಗಿದ್ದ ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಈ ಸ್ಪೆಷಲ್‌ಗೆ ಬರಲು ಒಪ್ಪಲಿಲ್ಲ. ಅದಕ್ಕೇ ಎಂಟಕ್ಕೂ ಒಂಬತ್ತಕ್ಕೂ ನಡುವೆ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದ ಒಬ್ಬ ಡಾಕ್ಟರ್ ಇದ್ದ ಎಂದು ಜಾನ್ ಹರ್ಟ್ ಪಾತ್ರವನ್ನು ಹುಟ್ಟಿಸಿದರು. ತೇಪೆ ಹಾಕಲು ಹೋಗಿ ಹೊಸ ತೂತು ಬಿತ್ತು. ಟೈಮ್ ಲಾರ್ಡ್‌ಗೆ ಹನ್ನೆರಡೇ ಸಲ ಮೈ ಬದಲಿಸಲು ಆಗುವುದು ಎಂದು 1976ರಲ್ಲೇ ಹೇಳಿಬಿಟ್ಟಿದ್ದರು. ಹರ್ಟ್‌ನನ್ನು ಸೇರಿಸಿ, ಟೆನಂಟ್ ಒಮ್ಮೆ ಮುಖ ಬದಲಾಗದ ಹಾಗೆ ಉಳಿಸಿಕೊಂಡು ವ್ಯರ್ಥ ಮಾಡಿದ್ದನ್ನೂ ಎಣಿಸಿದರೆ ಸ್ಮಿತ್ ಕೊನೆಯವನು. ಮುಂದಿನವನು ಇರಲೇಬಾರದು. ಇಲ್ಲಿ ನೋಡಿದರೆ ಕ್ಲೈಮ್ಯಾಕ್ಸಿನಲ್ಲಿ ಹದಿಮೂರನೇ ಟಾರ್ಡಿಸ್ ಬರುತ್ತದೆ, ಪೀಟರ್ ಕಪಾಲ್ಡಿಯ ಕಣ್ಣು, ಹುಬ್ಬು ಮಾತ್ರ ಕಾಣಿಸಿ ಮರೆಯಾಗುತ್ತವೆ. ಇದರ ಉತ್ತರ ಸಿಕ್ಕಿದ್ದು ಒಂದು ತಿಂಗಳ ಮೇಲೆ, ಕ್ರಿಸ್‌ಮಸ್ ದಿನದ ಕಂತಿನಲ್ಲಿ. ಹೊಸ ಸುತ್ತಿನ ಆಯಸ್ಸು ದಾನವಾಗಿ ಬಂತು. ಹಾಗಾಗಿ ಇದನ್ನು ತೂತು ಎನ್ನಲು ನನಗೆ ಮನಸ್ಸಿಲ್ಲ, ಸಾಲ ಮಾಡಿ ಬೇಗ ತೀರಿಸಿದರು ಅಷ್ಟೇ. ಜೊತೆಗೆ ಆ ತೇಪೆಯಿಂದ ನಮಗೆ ಜಾನ್ ಹರ್ಟ್ ಸಿಕ್ಕರು, ಅಲ್ವಾ? ಇಬ್ಬರು ಹುಡುಗರು ಸ್ಕ್ರೂಡ್ರೈವರ್ ಝಳಪಿಸುವುದನ್ನು ನೋಡಿ, ಅದರಲ್ಲಿ ಬೀರು ಜೋಡಿಸುತ್ತೀರಾ ಎಂಬ ಅರ್ಥದಲ್ಲಿ ಗದರುವ ಆ ಸುಸ್ತಾದ ಮುಖ! ಇಡೀ ಸ್ಪೆಷಲ್ ನಿಂತಿರುವುದೇ ಅವರ ಮೇಲೆ.

ಜೈಗಾನ್ ಭಾಗ ನನಗೆ ಹಿಡಿಸಲಿಲ್ಲ. ಅಣುಬಾಂಬಿನ ಎಣಿಕೆ ಓಡುತ್ತಿದೆ, ಮನುಷ್ಯರಿಗೂ ಜೈಗಾನ್‌ಗಳಿಗೂ ತಾವು ಯಾರೆಂಬುದೇ ಮರೆತುಹೋಗುವಂತೆ ಡಾಕ್ಟರ್‌ಗಳು ಮಾಡುತ್ತಾರೆ, ತಾನು ಯಾವ ಪಕ್ಷ ಎಂದು ಗೊತ್ತಿಲ್ಲದವರು ನ್ಯಾಯವಾದ ಒಪ್ಪಂದವನ್ನೇ ಬರೆಯುತ್ತಾರೆ ಎಂದು. ಎಂಥ ಒಳ್ಳೆಯ ಯೋಚನೆ! ಆದರೆ ಒಪ್ಪಂದ ಏನಾಯಿತು ಎಂದು ತೋರಿಸದೆ ಮುಂದಕ್ಕೆ ಹೋಗಿಬಿಟ್ಟರು. ಎರಡು ವರ್ಷ ಬಿಟ್ಟು, 2015ರ ಎರಡು ಕಂತುಗಳಲ್ಲಿ, ಎರಡು ಕೋಟಿ ಜೈಗಾನ್‌ಗಳು ಮನುಷ್ಯರ ವೇಷದಲ್ಲಿ ಭೂಮಿಯಲ್ಲಿ ನೆಲೆಸಿದ್ದಾರೆ ಎಂದು ತಿಳಿಯಿತು. ಊಟದ ಪಲ್ಯವನ್ನು ಎರಡು ವರ್ಷದ ಮೇಲೆ ಬಡಿಸಿದರೆ ಹೇಗೆ?

ಈಗ ನನ್ನ ನಿಜವಾದ ತಕರಾರು. ಇದು ಲೆಕ್ಕದ್ದಲ್ಲ.

2009ರ ಕ್ರಿಸ್‌ಮಸ್ ದಿನ ಮತ್ತು 2010ರ ಹೊಸ ವರ್ಷದ ದಿನ ಬಂದ ‘ದಿ ಎಂಡ್ ಆಫ್ ಟೈಮ್’ನಲ್ಲಿ ಇದೇ ಟೆನಂಟ್ ಡಾಕ್ಟರ್, ಯುದ್ಧದಲ್ಲಿ ಟೈಮ್ ಲಾರ್ಡ್‌ಗಳೂ ಕೆಟ್ಟು ಕೆರ ಹಿಡಿದಿದ್ದರು ಎನ್ನುತ್ತಾನೆ. ಅವರ ಒಡೆಯ ರಾಸಿಲಾನ್ ತಾವು ಮಾತ್ರ ಉಳಿಯಲು ಕಾಲವನ್ನೇ ನಾಶ ಮಾಡಲು ಹೊರಟಿದ್ದ. ಡಾಕ್ಟರ್ ಗ್ಯಾಲಿಫ್ರೆಯನ್ನು ಸುಟ್ಟದ್ದಕ್ಕೆ ಅಲ್ಲಿ ಸಿಕ್ಕ ಕಾರಣ ಅದು. ಈ ಸ್ಪೆಷಲ್‌ನಲ್ಲಿ ಅದೇ ಯುದ್ಧ, ಅದೇ ಕೊನೆಯ ದಿನ. ರಾಸಿಲಾನ್‌ನ ಆಡಳಿತ ಮಂಡಳಿಯಾದ ಹೈ ಕೌನ್ಸಿಲ್‌ನವರ ಯೋಜನೆ ಆಗಲೇ ಸೋತಿದೆ ಎಂದು ಒಬ್ಬ ಜನರಲ್ ಒಂದೇ ಸಾಲಿನಲ್ಲಿ ಹೇಳಿ ಕೈತೊಳೆದುಕೊಳ್ಳುತ್ತಾನೆ. ಅಲ್ಲಿಗೆ ಪ್ರಶ್ನೆ ಒಂದೇ ಉಳಿಯುತ್ತದೆ: ಗ್ಯಾಲಿಫ್ರೆಯಲ್ಲಿ 247 ಕೋಟಿ ಮಕ್ಕಳಿದ್ದಾರೆ, ಅವರನ್ನು ಸುಡುತ್ತೀಯಾ? ಹೀಗೆ ಕೇಳಿದರೆ ಯಾರು ತಾನೇ ಹೌದು ಅನ್ನುತ್ತಾರೆ? ಕಷ್ಟದ ಪ್ರಶ್ನೆ ಕೊಟ್ಟು, ಪರೀಕ್ಷೆಯ ದಿನ ಸುಲಭದ್ದಕ್ಕೆ ಬದಲಾಯಿಸಿದ ಹಾಗೆ. ಗ್ರಹದ ಜೊತೆ ರಾಸಿಲಾನ್ ಕೂಡ ಉಳಿದ. 2015ರ ‘ಹೆಲ್ ಬೆಂಟ್’ನಲ್ಲಿ ಡಾಕ್ಟರ್ ವಾಪಸ್ ಹೋಗಿ ಅವನನ್ನು ಗಡೀಪಾರು ಮಾಡಬೇಕಾಯಿತು.

ಇದನ್ನು ಹೇಳಿದಾಗ ಹುಡುಗನಿಗೆ ಆಸಕ್ತಿ ಇರಲಿಲ್ಲ. “ಅದು ತೂತಲ್ಲ ಮಾವ, ಅದು ಅಭಿಪ್ರಾಯ” ಅಂದ. ಇರಬಹುದು. ನಾನು ಚಿಕ್ಕವನಿದ್ದಾಗ ತಾಳಮದ್ದಳೆಗಳಿಗೆ ಹೋಗುತ್ತಿದ್ದೆ. ವಾಲಿವಧೆಯ ಕಥೆ ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಗಂಟೆಗಟ್ಟಲೆ ಕೇಳುತ್ತಿದ್ದ, ನಾವು ಕಣ್ಣು ಮುಚ್ಚದೆ ಕೇಳುತ್ತಿದ್ದೆವು. ಬಾಣ ಎಷ್ಟು ದೂರದಿಂದ ಬಂತು, ಅಷ್ಟು ದೂರ ಬರಲು ಸಾಧ್ಯವೇ ಎಂದು ಯಾರೂ ಕೇಳಿದ್ದು ನೆನಪಿಲ್ಲ. ನನ್ನ ತಲೆ ಆ ಕಡೆಯದು, ಏನು ಮಾಡಲಿ.

ಒಂದು ವಿಷಯಕ್ಕೆ ಮಾಫಟ್‌ಗೆ ಪೂರ್ತಿ ಅಂಕ. ಮುಂದೆ ತಾನು ಎಂಥ ಒಳ್ಳೆಯವನಾಗುತ್ತೇನೆ ಎಂದು ನೋಡಿದ ಮುದುಕ ಡಾಕ್ಟರ್, ಅದೇ ಕಾರಣಕ್ಕೆ ಗುಂಡಿ ಒತ್ತಲು ವಾಪಸ್ ಬರುತ್ತಾನೆ. ಆ ಪಾಪ ಹೊತ್ತಿದ್ದರಿಂದಲೇ ಇವರು ಹೀಗಾಗಿದ್ದಾರೆ ಎಂದು ಅವನ ಲೆಕ್ಕ. ಉಳಿದಿಬ್ಬರೂ ಕೊಟ್ಟಿಗೆಗೆ ಬಂದು, ನೀನೊಬ್ಬನೇ ಮಾಡಬೇಡ ಎಂದು ಅವನ ಕೈ ಮೇಲೆ ಕೈ ಇಡುತ್ತಾರೆ. ಕ್ಲಾರಾಳ ಕಣ್ಣಲ್ಲಿ ನೀರು. ಇಲ್ಲಿ ನಮ್ಮ ಎಂಜಿನಿಯರ್ ಕೂಡ ನಿಲ್ಲಿಸುವ ಗುಂಡಿ ಮುಟ್ಟಲಿಲ್ಲ.

ಕೊನೆಯ ದೃಶ್ಯದಲ್ಲಿ 79 ವರ್ಷದ ಟಾಮ್ ಬೇಕರ್ ಗ್ಯಾಲರಿಯ ಕ್ಯುರೇಟರ್ ಆಗಿ ಬಂದು, ಆ ಚಿತ್ರಪಟಕ್ಕೆ ‘ಗ್ಯಾಲಿಫ್ರೆ ಫಾಲ್ಸ್’, ‘ನೋ ಮೋರ್’ ಎಂದು ಎರಡು ಹೆಸರಲ್ಲ, ಒಂದೇ ಹೆಸರು ಎಂದು ತಿಳಿಸುತ್ತಾರೆ. ಎರಡೂ ಸೇರಿಸಿ ಓದಿದರೆ ಅರ್ಥ ತಿರುಗುತ್ತದೆ, ಗ್ಯಾಲಿಫ್ರೆ ಬಿದ್ದಿಲ್ಲ. 1974ರಿಂದ 1981ರವರೆಗೆ ನಾಲ್ಕನೇ ಡಾಕ್ಟರ್ ಆಗಿದ್ದವರು ಅವರೇ. ಹಾಗಾದರೆ ಈ ಮುದುಕ ಯಾರು, ಮುಂದಿನ ಡಾಕ್ಟರೇ? ಆ ಚಿತ್ರ ಬರೆದವರು ಯಾರು? ಎಲಿಜಬೆತ್ ಕೈಗೆ ಹೇಗೆ ಬಂತು? ಸ್ಪೆಷಲ್ ಹೇಳುವುದಿಲ್ಲ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಹೊಸಬರು ನೇರವಾಗಿ ಇದಕ್ಕೆ ಕೈ ಹಾಕಬೇಡಿ, ತಲೆಬುಡ ತಿಳಿಯುವುದಿಲ್ಲ. ‘ದಿ ಎಂಡ್ ಆಫ್ ಟೈಮ್’, ಆಮೇಲೆ ಪಾಲ್ ಮೆಕ್‌ಗ್ಯಾನ್ ಇರುವ ಪುಟ್ಟ ‘ದ ನೈಟ್ ಆಫ್ ದ ಡಾಕ್ಟರ್’, ಆಮೇಲೆ ಇದು. ಹುಡುಗನ ಅಂಕ ಇನ್ನೂ ಬಂದಿಲ್ಲ. ಹಾಸ್ಟೆಲ್‌ಗೆ ವಾಪಸ್ ಹೋದ ಮೇಲೆ ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಹಾಕಿದ್ದ: “ಮಾವ, ಅರ್ಕೇಡಿಯಾದ ಡಾಲೆಕ್‌ಗಳು?”