ಎಕ್ಸೆಲ್‌ನಲ್ಲಿ ಸೆಲ್‌ಗೆ ಹೆಸರು ಕೊಡುವ ಸೌಲಭ್ಯ: ಬಳಸಿ ನೋಡಿ ಬರೆದದ್ದು

ಬೇರೆಯವರು ಮಾಡಿಟ್ಟ ಶೀಟ್‌ಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಸಂಬಳದ ಲೆಕ್ಕ, ಸಾಲದ ಕಂತು, ದಾಸ್ತಾನು, ಎಲ್ಲ ಬರುತ್ತವೆ. ಫಾರ್ಮುಲಾದಲ್ಲಿ ‘=ಡಿ7*$ಎಚ್$2’ ಅಂತ ಇದ್ದರೆ ನಾನು ಎಚ್2 ಹುಡುಕಿಕೊಂಡು ಹೋಗಬೇಕು. ಅಲ್ಲಿ 0.12 ಅಂತ ಇರುತ್ತದೆ. ಅದು ಬಡ್ಡಿಯೋ, ತೆರಿಗೆಯೋ, ಕಮಿಷನ್ನೋ? ಪಕ್ಕದ ಸೆಲ್‌ನಲ್ಲಿ ಬರೆದಿದ್ದರೆ ಪುಣ್ಯ. ಅದೇ ಫಾರ್ಮುಲಾ ‘=ಡಿ7*ಇಂಟರೆಸ್ಟ್_ರೇಟ್’ ಅಂತಿದ್ದರೆ ಎಲ್ಲಿಗೂ ಹೋಗಬೇಕಿಲ್ಲ. ಓದಿದರೆ ಸಾಕು.

ಹೆಸರು ಕೊಡುವುದು ತೀರಾ ಸುಲಭ. ಸೆಲ್ ಆರಿಸಿಕೊಳ್ಳಿ. ಫಾರ್ಮುಲಾ ಬಾರ್‌ನ ಎಡಕ್ಕೆ ಸೆಲ್‌ನ ವಿಳಾಸ ತೋರಿಸುವ ಪುಟ್ಟ ಜಾಗ ಇದೆಯಲ್ಲ, ಅದೇ ನೇಮ್ ಬಾಕ್ಸ್. ಅಲ್ಲಿ ಹೆಸರು ಟೈಪ್ ಮಾಡಿ ಎಂಟರ್ ಒತ್ತಿ. ಎಂಟರ್ ಒತ್ತದೆ ಬೇರೆ ಕಡೆ ಕ್ಲಿಕ್ ಮಾಡಿದರೆ ಹೆಸರು ಉಳಿಯುವುದಿಲ್ಲ. ಹೀಗೆ ಕೊಟ್ಟ ಹೆಸರು ಡಾಲರ್ ಚಿಹ್ನೆ ಇರುವ ವಿಳಾಸವನ್ನೇ ಹಿಡಿದುಕೊಳ್ಳುತ್ತದೆ. ಫಾರ್ಮುಲಾವನ್ನು ಕೆಳಗೆ ಎಳೆದರೂ ಜಾರುವುದಿಲ್ಲ. ಆ ಡಾಲರ್ ಚಿಹ್ನೆ ಹಾಕುವ ಎಫ್4 ಒತ್ತಲು ಮರೆತು ಅರ್ಧ ಕಾಲಂ ಸೊನ್ನೆಯಾಗಿರುವ ಶೀಟ್‌ಗಳು ನನ್ನ ಕೈಗೆ ಆಗಾಗ ಬರುತ್ತವೆ. ಹೆಸರಿದ್ದ ಕಡೆ ಆ ತಪ್ಪಿಗೆ ಜಾಗವೇ ಇಲ್ಲ.

ಹಾಗಂತ ಎಲ್ಲಕ್ಕೂ ಹೆಸರಿಡಬೇಡಿ. ಸಾಲು ಸಾಲಾಗಿ ಬದಲಾಗುವ ಮೊತ್ತಕ್ಕೆ ಡಿ7, ಡಿ8 ಅನ್ನುವ ಮಾಮೂಲಿ ವಿಳಾಸವೇ ಸರಿ. ಕೆಳಗೆ ಎಳೆದಂತೆ ಅದು ತಾನಾಗಿ ಸರಿಯಬೇಕು, ಅಲ್ವಾ? ಇಡೀ ಶೀಟ್‌ಗೆ ಒಂದೇ ಆಗಿರುವ ದರ, ಅವಧಿ, ಮಿತಿ, ಇವುಗಳಿಗೆ ಮಾತ್ರ ಹೆಸರು ಇರಲಿ. ಸೆಲ್ಲೇ ಇಲ್ಲದೆ ನೇರವಾಗಿ 0.12 ಅನ್ನುವ ಅಂಕಿಗೂ ಎಕ್ಸೆಲ್‌ನಲ್ಲಿ ಹೆಸರು ಕೊಡಬಹುದು. ನನಗೆ ಅದು ಇಷ್ಟವಿಲ್ಲ. ಆ ಅಂಕಿ ಶೀಟ್‌ನಲ್ಲಿ ಎಲ್ಲೂ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕ ನೋಡುವವರಿಗೆ ದರ ಎದುರಿಗೇ ಕಾಣಬೇಕು.

ಹೆಸರಲ್ಲಿ ಖಾಲಿ ಜಾಗ ಬಿಡುವಂತಿಲ್ಲ, ಅದಕ್ಕೇ ಅಂಡರ್‌ಸ್ಕೋರ್. ಸೆಲ್‌ನ ವಿಳಾಸದಂತೆ ಕಾಣುವ ಹೆಸರೂ ನಡೆಯದು. ‘ಟ್ಯಾಕ್ಸ್25’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ನೋಡಿ, ಹೆಸರು ಆಗುವುದಿಲ್ಲ. ಟಿ-ಎ-ಎಕ್ಸ್ ಅನ್ನುವ ಕಾಲಂ ನಿಜವಾಗಿಯೂ ಇದೆ. ಎಕ್ಸೆಲ್ 2003ರ ತನಕ ಕಾಲಂಗಳು 256 ಮಾತ್ರ ಇದ್ದವು. 2007ರಲ್ಲಿ 16,384 ಆದವು. ಕೊನೆಯದು ಎಕ್ಸ್‌ಎಫ್‌ಡಿ. ಹಾಗಾಗಿ ಮೂರು ಅಕ್ಷರದ ಪದದ ಮುಂದೆ ವರ್ಷ ಸೇರಿಸುವ ಅಭ್ಯಾಸ ಇದ್ದವರು ನಡುವೆ ಒಂದು ಅಂಡರ್‌ಸ್ಕೋರ್ ಹಾಕಿಬಿಡಿ.

ಕೊರತೆಗಳೂ ಇವೆ. ಹೆಸರನ್ನು ಅಳಿಸಿದರೆ ಫಾರ್ಮುಲಾ ಹಳೆಯ ವಿಳಾಸಕ್ಕೆ ಮರಳುವುದಿಲ್ಲ, ‘#ನೇಮ್?’ ಅಂತ ಎರರ್ ತೋರಿಸುತ್ತದೆ. ಇದಕ್ಕಿಂತ ಜಾಸ್ತಿ ತೊಂದರೆ ಶೀಟ್ ಕಾಪಿ ಮಾಡಿದಾಗ. ಅದೇ ಫೈಲ್‌ನೊಳಗೆ ಶೀಟ್‌ನ ಪ್ರತಿ ತೆಗೆದರೆ ಆ ಪ್ರತಿಗೆ ಮಾತ್ರ ಸೇರಿದ, ಅದೇ ಹೆಸರಿನ ಇನ್ನೊಂದು ಹೆಸರು ಸದ್ದಿಲ್ಲದೆ ಹುಟ್ಟಿಕೊಳ್ಳುತ್ತದೆ. ಮೂಲ ಶೀಟ್‌ನಲ್ಲಿ ದರ ಬದಲಿಸುತ್ತೀರಿ, ಪ್ರತಿಯಲ್ಲಿ ಹಳೆಯದೇ ಉಳಿದಿರುತ್ತದೆ. ಕಂಟ್ರೋಲ್ ಎಫ್3 ಒತ್ತಿ ನೇಮ್ ಮ್ಯಾನೇಜರ್ ತೆರೆದರೆ ಹೆಸರು ಇಡೀ ಫೈಲ್‌ಗೋ ಒಂದೇ ಶೀಟ್‌ಗೋ ಅಂತ ಹೇಳುವ ‘ಸ್ಕೋಪ್’ ಕಾಲಂನಲ್ಲಿ ಇದು ಸಿಕ್ಕಿಬೀಳುತ್ತದೆ. ಶೀಟ್ ಕಾಪಿ ಮಾಡಿದಾಗೆಲ್ಲ ಅದನ್ನು ನೋಡಲೇಬೇಕು. ಅಲ್ಲಿನ ಫಿಲ್ಟರ್‌ನಲ್ಲಿ ಎರರ್ ಇರುವ ಹೆಸರುಗಳನ್ನು ಮಾತ್ರ ತೋರಿಸುವ ಆಯ್ಕೆಯೂ ಇದೆ. ಹಳೆಯ ಫೈಲ್ ಸ್ವಚ್ಛ ಮಾಡಲು ನಾನು ಮೊದಲು ಹೋಗುವುದೇ ಅಲ್ಲಿಗೆ.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲೂ ನೇಮ್ ಬಾಕ್ಸ್, ಕಂಟ್ರೋಲ್ ಎಫ್3 ಎರಡೂ ಇವೆ. ಗೂಗಲ್ ಶೀಟ್ಸ್‌ನಲ್ಲಿ ‘ಡೇಟಾ’ ಮೆನುವಿನೊಳಗೆ ‘ನೇಮ್ಡ್ ರೇಂಜಸ್’ ಸಿಗುತ್ತದೆ. ಮಾಮೂಲಿ ಬಳಕೆಗೆ ಎರಡೂ ಸಾಕು.

ಆದರೂ ನನ್ನ ಕೆಲಸಕ್ಕೆ ಎಕ್ಸೆಲ್ಲೇ ಮುಂದು. ಅದಕ್ಕೆ ಕಾರಣ ಎರಡು ಶಾರ್ಟ್‌ಕಟ್. ದರಗಳ ಪಟ್ಟಿಯನ್ನು ಅದರ ಲೇಬಲ್ ಸಮೇತ ಆರಿಸಿ ಕಂಟ್ರೋಲ್ ಶಿಫ್ಟ್ ಎಫ್3 ಒತ್ತಿದರೆ ಲೇಬಲ್‌ಗಳೇ ಹೆಸರಾಗುತ್ತವೆ. ಖಾಲಿ ಜಾಗವಿದ್ದಲ್ಲಿ ಅಂಡರ್‌ಸ್ಕೋರ್ ತಾನೇ ಬರುತ್ತದೆ. ಇನ್ನೊಂದು ಎಫ್3. ಒತ್ತಿ ‘ಪೇಸ್ಟ್ ಲಿಸ್ಟ್’ ಆರಿಸಿದರೆ ಹೆಸರು ಮತ್ತು ಅದರ ವಿಳಾಸ ಎರಡೂ ಪಟ್ಟಿಯಾಗಿ ಶೀಟ್‌ಗೆ ಇಳಿಯುತ್ತವೆ. ಪರಿಶೀಲನೆಗೆ ಫೈಲ್ ಕಳಿಸುವವರಿಗೆ ಈ ಪಟ್ಟಿ ಹಾಕಿಯೇ ಕಳಿಸಿ ಅಂತ ಕೇಳುತ್ತೇನೆ. ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಹೆಸರು ಸೇರಿಸಿದಾಗ ಪಟ್ಟಿಯನ್ನು ಮತ್ತೆ ಹಾಕಿ.