ಹೂಳನ್ನು ಬಾಗಿಲಲ್ಲೇ ತಡೆಯುವುದೋ, ಒಳಗೆ ಬಿಟ್ಟುಕೊಂಡು ತೆಗೆಯುವುದೋ?

ನದಿಯಿಂದ ನೀರು ತಿರುಗಿಸುವವರು ಮೊದಲು ನೋಡಬೇಕಾದದ್ದು ಹೂಳಿನ ಕಣದ ಗಾತ್ರವನ್ನು. ದಪ್ಪ ಮರಳು ನದಿಯ ತಳದಲ್ಲೇ ಉರುಳುತ್ತಾ ಬರುತ್ತದೆ. ಅದಕ್ಕೆ ನಾಲೆಯ ಬಾಯಿಯ ಮುಂದೆ, ನದಿಯ ತಳದಲ್ಲಿ ಕಟ್ಟುವ ಸಿಲ್ಟ್ ಎಕ್ಸ್‌ಕ್ಲೂಡರ್ ಸುರಂಗಗಳು ಸಾಕು: ತಳದ ನೀರು ಸುರಂಗ ಹೊಕ್ಕು ಬ್ಯಾರೇಜಿನ ಕೆಳಗೆ ನದಿಗೇ ಸೇರುತ್ತದೆ, ಮೇಲಿನ ನೀರು ನಾಲೆಗೆ ಹೋಗುತ್ತದೆ. ನಾಲೆಯೊಳಗೆ ಕಟ್ಟುವ ಎಜೆಕ್ಟರ್ ಕೆಲಸವೂ ಇದೇ. ಆದರೆ ಅದು ಹೊರಹಾಕುವ ನೀರನ್ನೂ ಸೇರಿಸಿ ನದಿಯಿಂದ ಎಳೆದುಕೊಳ್ಳಬೇಕು. ಕಟ್ಟಿ ಮುಗಿದ ನಾಲೆಗೆ ಮಾತ್ರ ನನ್ನ ಸಲಹೆ ಅದು.

ಸಣ್ಣ ಮರಳಿನ ಕಥೆ ಬೇರೆ. ಅದು ಮೇಲಿಂದ ಕೆಳತನಕ ನೀರಿನಲ್ಲಿ ಬೆರೆತಿರುತ್ತದೆ, ಸುರಂಗಕ್ಕೆ ಸಿಗುವುದಿಲ್ಲ. ಹಿಮಾಚಲದಲ್ಲಿ ಸಟ್ಲೆಜ್ ನದಿಯ 1500 ಮೆಗಾವ್ಯಾಟ್ ನಾಥ್ಪಾ ಝಾಕ್ರಿ ಯೋಜನೆಯನ್ನೇ ನೋಡಿ. 0.2 ಮಿ.ಮೀ.ಗಿಂತ ದಪ್ಪನೆಯ ಕಣ ತೆಗೆಯಲೆಂದು ಬೆಟ್ಟದೊಳಗೆ ನಾಲ್ಕು ಕೋಣೆ ಕೊರೆದಿದ್ದಾರೆ, ಒಂದೊಂದೂ 525 ಮೀಟರ್ ಉದ್ದ! ಅಲ್ಲಿ ನೀರಿನ ವೇಗ ತಗ್ಗಿ ಮರಳು ಕೂರುತ್ತದೆ, ತಳದ ಕಿಂಡಿಗಳಿಂದ ಹೊರಹೋಗುತ್ತದೆ. ಅಷ್ಟಾದರೂ ಉಳಿದ ನುಣ್ಣನೆಯ ಬೆಣಚುಕಲ್ಲಿನ ಕಣ ಟರ್ಬೈನನ್ನು ಉಜ್ಜಿ ಸವೆಸುತ್ತದೆ.

ಟರ್ಬೈನ್ ಇದ್ದರೆ ಕೋಣೆಯ ಖರ್ಚಿಗೆ ಹಿಂಜರಿಯಬೇಡಿ. ಬರೀ ನೀರಾವರಿಗಾದರೆ ಎಕ್ಸ್‌ಕ್ಲೂಡರ್ ಸಾಕು. ನುಣ್ಣನೆಯ ಮೆಕ್ಕಲು ಹೊಲಕ್ಕೆ ಬಂದರೆ ಒಳ್ಳೆಯದೇ. ಯಾವುದನ್ನೇ ಕಟ್ಟಿದರೂ ನೀರೆತ್ತುವ ಜಾಗ ನದಿ ತಿರುವಿನ ಹೊರದಡದಲ್ಲಿರಲಿ, ಏಕೆಂದರೆ ತಳದ ಮರಳು ಒಳದಡದ ಕಡೆಗೆ ಸರಿಯುತ್ತದೆ.