ಕಡಲ ಬದಿಯ ಶಾಲಾ ಸಭಾಂಗಣ: ಗಾಳಿಮಳೆಗೆ ಎಷ್ಟು ಭದ್ರ?

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಹೊಡೆತ ಕಂಡ ಮಂಜೇಶ್ವರ ತಾಲೂಕಿನ ತೀರದಲ್ಲಿ, ಆಪತ್ತಿನ ವೇಳೆ ಆಶ್ರಯವಾಗಲೆಂದೇ ಕಟ್ಟಿಸಿದ ಶಾಲಾ ಸಭಾಂಗಣವೊಂದನ್ನು ಕಳೆದ ವಾರ ಸುತ್ತಾಡಿ ನೋಡಿದೆ. ನೆಲಮಟ್ಟವನ್ನು ಕಂಬಗಳ ಮೇಲೆ ತೆರೆದು ಬಿಟ್ಟಿರುವುದರಿಂದ ಉಕ್ಕಿಬರುವ ನೀರು ಗೋಡೆಗೆ ಅಪ್ಪಳಿಸದೆ ಅಡಿಯಲ್ಲೇ ಹರಿದುಹೋಗುತ್ತದೆ. ಮೇಲಿನ ಕಾಂಕ್ರೀಟ್ ತಾರಸಿಯನ್ನು ಹಂಚಿನಂತೆ ಗಾಳಿ ಕಿತ್ತೊಯ್ಯಲಾರದು. ವೃದ್ಧರಿಗೂ ಗಾಲಿಕುರ್ಚಿಗೂ ಒದಗುವ ಇಳಿಜಾರು ದಾರಿ, ಕನ್ನಡ ಮಲಯಾಳಗಳೆರಡರಲ್ಲೂ ಬರೆದ ಫಲಕಗಳು ಮೆಚ್ಚುವಂಥವು.

ಆದರೆ ಪಡುವಣ ಗೋಡೆಯ ಉದ್ದಕ್ಕೂ ಜಾರುವ ಗಾಜಿನ ಕಿಟಕಿಗಳಿವೆ, ಹೊರಗೆ ಮುಚ್ಚುಬಾಗಿಲುಗಳಿಲ್ಲ. ಒಂದು ಗಾಜು ಒಡೆದು ಗಾಳಿ ಒಳನುಗ್ಗಿದರೆ ಒತ್ತಡ ಒಳಗಿನಿಂದಲೇ ಮಾಡನ್ನೂ ಗೋಡೆಗಳನ್ನೂ ಹೊರಕ್ಕೆ ತಳ್ಳುತ್ತದೆ ಎಂಬುದು ವಿನ್ಯಾಸಕಾರರಿಗೆ ತಿಳಿಯದ ಸಂಗತಿಯೇನಲ್ಲ. ಜನರೇಟರನ್ನು ನೆಲದಲ್ಲೇ ಇಟ್ಟಿರುವುದಂತೂ ನಗು ತರಿಸಿತು: ನೀರು ಬಂದಾಗ ಮೊದಲು ಮುಳುಗುವುದು ಅದೇ. ಶೌಚಾಲಯಕ್ಕೆ ಅಂಗಳ ದಾಟಬೇಕು.

ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ಮಾರ್ಗಸೂಚಿ ಇಂಥ ಆಶ್ರಯಗಳಲ್ಲಿ ತಲಾ 20 ಚದರ ಅಡಿಯನ್ನು, ಅಲ್ಪಕಾಲದ ಸುಂಟರಗಾಳಿಗಾದರೆ ಕೇವಲ 5 ಚದರ ಅಡಿಯನ್ನು ಹೇಳುತ್ತದೆ, ಏಕೆಂದರೆ ಚಂಡಮಾರುತಕ್ಕೆ ಹೆದರಿ ಬಂದವರು ರಾತ್ರಿಯಿಡೀ ತಂಗಬೇಕಾಗುತ್ತದೆ. ಆ ಲೆಕ್ಕದಲ್ಲಿ ಈ ಸಭಾಂಗಣಕ್ಕೆ ಸ್ಥಳದ ಕೊರತೆಯಿಲ್ಲ. ಕಿಟಕಿಗಳಿಗೆ ಗಟ್ಟಿ ಮುಚ್ಚಳ ಬೀಳುವವರೆಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ.